ಬ್ಯಾಂಕಾಕ್‌ಗೆ ಮೊದಲ ಸಲ, ಪ್ಯಾಕೇಜ್ ಇಲ್ಲದೆ: ಮನೆಮಂದಿಯ ಜೊತೆ ಹೋಗುವವರಿಗೆ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಹತ್ತಿದರೆ ಹೆಚ್ಚುಕಡಿಮೆ ನಾಲ್ಕು ಗಂಟೆ. ಆದರೂ ನಮ್ಮವರು ಹೆಚ್ಚಾಗಿ ಪ್ಯಾಕೇಜ್ ಟೂರಿನಲ್ಲೇ ಹೋಗುತ್ತಾರೆ. ಐದು ದಿನದ ಪ್ಯಾಕೇಜಿನಲ್ಲಿ ಎರಡು ದಿನ ಪಟ್ಟಾಯ, ಅರ್ಧ ದಿನ ಯಾವುದೋ ಹರಳಿನ ಅಂಗಡಿ, ಉಳಿದದ್ದರಲ್ಲಿ ಮುಕ್ಕಾಲು ಪಾಲು ಬಸ್ಸಿನೊಳಗೆ. ಊಟಕ್ಕೆ ಎರಡು ಹೊತ್ತೂ ಅದೇ ಪನೀರ್ ಬಟರ್ ಮಸಾಲ. ಅಷ್ಟು ದೂರ ಹೋಗಿ ಅದನ್ನೇ ತಿನ್ನಬೇಕಾ?

ಏಷ್ಯಾದ ದೊಡ್ಡ ಊರುಗಳಲ್ಲಿ ಸ್ವಂತವಾಗಿ ಓಡಾಡುವುದಕ್ಕೆ ಬ್ಯಾಂಕಾಕ್‌ನಷ್ಟು ಸುಲಭದ ಊರು ಕಡಿಮೆ. ರೈಲಿನ ಬೋರ್ಡುಗಳೆಲ್ಲ ಇಂಗ್ಲಿಷಿನಲ್ಲೂ ಇವೆ, ಜನ ಮೆದು ಮಾತಿನವರು, ಟಾಯ್ಲೆಟ್‌ಗಳಲ್ಲಿ ಜೆಟ್ ಸ್ಪ್ರೇ ಇರುತ್ತದೆ (ಇದು ಸಣ್ಣ ವಿಷಯ ಅಲ್ಲವೇ ಅಲ್ಲ). ಇಲ್ಲಿ ಟ್ರಿಪ್ ಕೆಡುವುದು ಸೆಖೆ ಮತ್ತು ಟ್ರಾಫಿಕ್‌ನಿಂದ. ಹಾಗಾಗಿ ಯಾವ್ಯಾವ ಜಾಗ ನೋಡಬೇಕು ಅಂತ ಪಟ್ಟಿ ಮಾಡುತ್ತಾ ಕೂರುವ ಬದಲು ಯಾವ ಹೊತ್ತಿಗೆ ಎಲ್ಲಿರಬೇಕು ಅಂತ ಯೋಚಿಸಿ. ಬೆಳಗ್ಗೆ ಬಯಲು, ಮಧ್ಯಾಹ್ನ ಎಸಿ, ಸಂಜೆ ನದಿ. ಕೆಳಗೆ ಬರೆದಿರುವುದೆಲ್ಲ ಈ ಲೆಕ್ಕದಲ್ಲೇ. ಮೊದಲ ಸಲ, ನಾಲ್ಕೈದು ದಿನಕ್ಕೆ, ಅಪ್ಪ-ಅಮ್ಮನನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಬೆಲೆಗಳು ಆಗಾಗ ಬದಲಾಗುತ್ತವೆ, ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಟಿಕೆಟ್ ಮಾಡುವ ಮುಂಚೆ

ನವೆಂಬರ್‌ನಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ಜನವರಿ ಆಚೀಚೆ ಹೊಗೆಮಂಜು ಸ್ವಲ್ಪ ಕಾಡುತ್ತದೆ, ಆಸ್ತಮಾ ಇರುವವರು ಮಾಸ್ಕ್ ಇಟ್ಟುಕೊಳ್ಳಿ. ಮಾರ್ಚ್‌ನಿಂದ ಮೇ ತನಕ ಸೆಖೆ ಅಂದರೆ ಸೆಖೆ. ಮಂಗಳೂರಿನವರು ತಡೆದುಕೊಂಡಾರು, ಮೈಸೂರಿನವರಿಗೆ ಕಷ್ಟ. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್, ಥಾಯ್ ಹೊಸ ವರ್ಷ. ಬೀದಿಯಲ್ಲಿ ಹೋಗುವ ಎಲ್ಲರ ಮೇಲೂ ನೀರು ಎರಚುತ್ತಾರೆ, ಲಗೇಜ್ ಹಿಡಿದಿದ್ದೀರಿ ಅಂತ ಬಿಡುವುದಿಲ್ಲ. ಹುಡುಗರಿಗೆ ಅದೇ ಮಜಾ, ವಯಸ್ಸಾದವರ ಜೊತೆ ಬೇಡ.

ಮಕ್ಕಳ ದಸರಾ ರಜೆಗೆ ಹೋಗುವವರಿಗೆ ಮಳೆ ಗ್ಯಾರಂಟಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಜಾಸ್ತಿ ಮಳೆ. ಆದರೆ ದಿನವಿಡೀ ಸುರಿಯುವುದು ಅಪರೂಪ, ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ ಒಂದೆರಡು ಗಂಟೆ ಹೊಡೆದು ನಿಲ್ಲುತ್ತದೆ. ಸಸ್ಯಾಹಾರಿಗಳಿಗಂತೂ ಆ ಹೊತ್ತು ಒಳ್ಳೆಯದೇ, ಯಾಕೆ ಅಂತ ಊಟದ ಭಾಗದಲ್ಲಿ ಹೇಳುತ್ತೇನೆ.

ವೀಸಾ ವಿಷಯ. 2024ರ ಜುಲೈನಲ್ಲಿ ಭಾರತೀಯರಿಗೆ 60 ದಿನದ ತನಕ ವೀಸಾ ಬೇಡ ಎಂಬ ನಿಯಮ ಬಂತು. ಇಂಥ ನಿಯಮಗಳು ಸರ್ಕಾರದ ಮನಸ್ಸು ಬದಲಾದ ಹಾಗೆ ಬದಲಾಗುತ್ತವೆ, ಟಿಕೆಟ್ ಮಾಡುವ ದಿನ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿಯೇ ದುಡ್ಡು ಕಟ್ಟಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಸ್ಸು ಇರಲಿ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಎರಡನ್ನೂ ಪ್ರಿಂಟ್ ಹಾಕಿ ಇಟ್ಟುಕೊಳ್ಳಿ, ಸ್ವಲ್ಪ ನಗದೂ ಕೈಯಲ್ಲಿರಲಿ. ಇಮಿಗ್ರೇಶನ್‌ನವರು ಕೇಳದೇ ಇರಬಹುದು, ಕೇಳಿದಾಗ ಫೋನಿನಲ್ಲಿ ಹುಡುಕುತ್ತಾ ನಿಲ್ಲುವುದು ಬೇಡ.

2025ರ ಮೇ 1ರಿಂದ ಇನ್ನೊಂದು ಸೇರಿಕೊಂಡಿದೆ, ಡಿಜಿಟಲ್ ಅರೈವಲ್ ಕಾರ್ಡ್. ಹಿಂದೆ ವಿಮಾನದಲ್ಲಿ ಚೀಟಿ ತುಂಬುತ್ತಿದ್ದೆವಲ್ಲ, ಅದೇ ಈಗ ಆನ್‌ಲೈನ್. ಇಳಿಯುವ ದಿನಕ್ಕೆ ಮೂರು ದಿನ ಮುಂಚಿನಿಂದ ತುಂಬಬಹುದು, ಒಂದು ಪೈಸೆ ಖರ್ಚಿಲ್ಲ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ದುಡ್ಡು ಕೇಳುವ ನಕಲಿ ಸೈಟುಗಳೇ ಮೊದಲು ಬರುವುದುಂಟು. ಸೈಟಿನ ವಿಳಾಸ ‘ಡಾಟ್ ಗೋ ಡಾಟ್ ಟಿಎಚ್’ ಅಂತ ಮುಗಿಯದಿದ್ದರೆ ಅದು ಸರ್ಕಾರದ್ದಲ್ಲ, ಬಿಟ್ಟು ಬನ್ನಿ. ಮಕ್ಕಳಿಗೂ ಬೇರೆ ಬೇರೆ ತುಂಬಬೇಕು.

ಹೋಟೆಲ್ ಎಲ್ಲಿ?

ಇದೊಂದನ್ನು ಸರಿ ಮಾಡಿದರೆ ಅರ್ಧ ಕೆಲಸ ಆದ ಹಾಗೆ. ಸ್ಟಾರ್ ನೋಡಬೇಡಿ, ಬ್ರೇಕ್‌ಫಾಸ್ಟ್ ನೋಡಬೇಡಿ. ರೈಲು ಸ್ಟೇಷನ್ನಿನಿಂದ ಐದಾರು ನಿಮಿಷ ನಡೆದರೆ ಸಿಗುತ್ತದಾ, ಅದನ್ನು ನೋಡಿ. ಬಿಟಿಎಸ್ ಅಂದರೆ ಮೇಲ್ಸೇತುವೆ ಮೇಲೆ ಹೋಗುವ ಸ್ಕೈಟ್ರೇನ್, ಎಂಆರ್‌ಟಿ ಅಂದರೆ ಹೆಚ್ಚಾಗಿ ನೆಲದಡಿಯ ಮೆಟ್ರೋ. ಎರಡರಲ್ಲಿ ಯಾವುದಾದರೂ ಸರಿ.

ನನ್ನ ಮಟ್ಟಿಗೆ ಮೊದಲ ಸಲ ಹೋಗುವವರಿಗೆ ಅಸೋಕ್ ಸುತ್ತಮುತ್ತ ಅನುಕೂಲ, ಅಲ್ಲಿ ಎರಡೂ ರೈಲು ಸೇರುತ್ತವೆ. ಅಲ್ಲೇ ಪಕ್ಕದ ನಾನಾ ಕಡೆ ಭಾರತೀಯ ಹೋಟೆಲುಗಳು ಬೇಕಾದಷ್ಟಿವೆ, ಆದರೆ ಸುಖುಂವಿತ್ ಸೋಯ್ 4 ರಾತ್ರಿ ಬಾರುಗಳ ಬೀದಿ, ಅತ್ತೆ-ಮಾವನ ಜೊತೆ ಅಲ್ಲಿ ರೂಮ್ ಮಾಡಿದರೆ ಮುಜುಗರ. ಸೋಯ್ ಅಂದರೆ ಅಡ್ಡರಸ್ತೆ, ಜಯನಗರದ ಕ್ರಾಸ್‌ಗಳ ಹಾಗೆ ನಂಬರ್ ಹಾಕಿರುತ್ತಾರೆ. ಸುಖುಂವಿತ್ ರಸ್ತೆಯಲ್ಲಿ ಬೆಸ ನಂಬರೆಲ್ಲ ಒಂದು ಬದಿ, ಸಮ ನಂಬರೆಲ್ಲ ಎದುರು ಬದಿ. ಹಾಗಂತ 21ರ ಎದುರಿಗೇ 22 ಇರುತ್ತದೆ ಅಂದುಕೊಳ್ಳಬೇಡಿ, ಎರಡೂ ಬದಿಯ ಲೆಕ್ಕ ಬೇರೆ ಬೇರೆ ಓಡುತ್ತದೆ.

ಸಿಲೋಮ್ ಕೂಡ ಚೆನ್ನ. ನದಿಗೆ ಹತ್ತಿರ, ಸುರವೊಂಗ್ ರಸ್ತೆ ಕಡೆ ಇಡ್ಲಿ-ದೋಸೆ ಸಿಗುತ್ತದೆ, ಸಿಲೋಮ್‌ನಲ್ಲೇ ಹತ್ತೊಂಬತ್ತನೇ ಶತಮಾನದಲ್ಲಿ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿಯೂ ಇದೆ. ಬಟ್ಟೆ ಕೊಳ್ಳುವುದಕ್ಕೇ ಹೋಗುವವರು ಪ್ರತುನಾಮ್ ಕಡೆ ಉಳಿಯುತ್ತಾರೆ, ಅಲ್ಲಿನ ಟ್ರಾಫಿಕ್ ನೋಡಿದರೆ ನಾನಂತೂ ಉಳಿಯಲಾರೆ. ಖಾವ್ ಸಾನ್ ರಸ್ತೆಯ ಹೆಸರು ಕೇಳಿರುತ್ತೀರಿ, ಹುಡುಗರಿಗೆ ಸರಿ, ರೈಲು ಹತ್ತಿರವಿಲ್ಲ.

ಇಳಿದ ಮೇಲೆ

ಬೆಂಗಳೂರಿನ ವಿಮಾನಗಳು ಎಷ್ಟೋ ಮಧ್ಯರಾತ್ರಿ ಹೊರಟು ಬೆಳ್ಳಂಬೆಳಗ್ಗೆ ತಲುಪುತ್ತವೆ. ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಹೋಟೆಲ್‌ನಲ್ಲಿ ರೂಮ್ ಕೊಡುವುದು ಮಧ್ಯಾಹ್ನ ಎರಡಕ್ಕೆ. ಮೊದಲ ದಿನವೇ ಅರಮನೆ ಇಟ್ಟುಕೊಳ್ಳಬೇಡಿ, ನಿದ್ದೆಗೆಟ್ಟ ಮಕ್ಕಳು ಅಲ್ಲಿ ಬಿಸಿಲಲ್ಲಿ ರಂಪ ಮಾಡುತ್ತಾರೆ. ಲಗೇಜನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಹತ್ತಿರದ ಪಾರ್ಕಿಗೆ ಹೋಗಿ. ಲುಂಫಿನಿ ಪಾರ್ಕಿನ ಕೆರೆಯಲ್ಲಿ ಆಳುದ್ದದ ಉಡಗಳು ಆರಾಮಾಗಿ ಈಜಾಡಿಕೊಂಡು, ದಡದಲ್ಲಿ ಬಿಸಿಲು ಕಾಯಿಸಿಕೊಂಡು ಇರುತ್ತವೆ, ಮಕ್ಕಳಿಗೆ ನಿದ್ದೆಯೇ ಮರೆತು ಹೋಗುತ್ತದೆ. ದೂರದಿಂದ ನೋಡಿದರೆ ಏನೂ ಮಾಡುವುದಿಲ್ಲ.

ಏರ್‌ಪೋರ್ಟ್ ಎರಡಿವೆ, ಸುವರ್ಣಭೂಮಿ ಮತ್ತು ಡಾನ್ ಮುವಾಂಗ್. ನಿಮ್ಮ ಟಿಕೆಟ್ ಯಾವುದಕ್ಕೆ ಅಂತ ನೋಡಿಕೊಳ್ಳಿ, ಎರಡೂ ಊರಿನ ಬೇರೆ ಬೇರೆ ದಿಕ್ಕಿಗಿವೆ. ಸುವರ್ಣಭೂಮಿಯಲ್ಲಿ ಇಳಿದರೆ ಕಟ್ಟಡದ ಕೆಳಗೇ, ‘ಬಿ’ ಅಂತಸ್ತಿನಲ್ಲಿ ರೈಲು. ಊರೊಳಗಿನ ಕೊನೆಯ ಸ್ಟೇಷನ್ ಫಯಾ ಥಾಯ್ ತನಕ 45 ಬಾತ್ (ಅಲ್ಲಿನ ದುಡ್ಡು), ಅರ್ಧ ಗಂಟೆ. ಅಲ್ಲಿ ಬಿಟಿಎಸ್ ಸಿಗುತ್ತದೆ. ಅಸೋಕ್ ಕಡೆ ಹೋಗುವವರು ಮುಂಚೆಯೇ ಮಕ್ಕಸನ್‌ನಲ್ಲಿ ಇಳಿದು ಸೇತುವೆ ದಾಟಿದರೆ ಎಂಆರ್‌ಟಿಯ ಫೆಚ್ಚಬುರಿ ಸ್ಟೇಷನ್, ಅಲ್ಲಿಂದ ಒಂದೇ ಸ್ಟಾಪ್. ದುಡ್ಡು ಬದಲಾಯಿಸುವ ಅಂಗಡಿಗಳೂ ಇದೇ ‘ಬಿ’ ಅಂತಸ್ತಿನಲ್ಲಿ ಸಾಲಾಗಿವೆ, ಲಗೇಜ್ ಬೆಲ್ಟಿನ ಹತ್ತಿರ ಇರುವ ಬ್ಯಾಂಕಿನವರಿಗಿಂತ ಇವರ ರೇಟು ಚೆನ್ನಾಗಿರುತ್ತದೆ.

ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಇದ್ದರೆ ರೈಲಿನ ಹಟ ಬೇಡ, ಟ್ಯಾಕ್ಸಿ ಮಾಡಿ. ಒಂದನೇ ಅಂತಸ್ತಿಗೆ ಹೋಗಿ ಯಂತ್ರದ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಅದರಲ್ಲಿರುವ ನಂಬರಿನ ಜಾಗದಲ್ಲಿ ಕಾರು ನಿಂತಿರುತ್ತದೆ. ಮೀಟರ್ ದುಡ್ಡು, ಅದರ ಮೇಲೆ ಏರ್‌ಪೋರ್ಟಿನ 50 ಬಾತ್, ಹೈವೇ ಹತ್ತಿದರೆ ಟೋಲ್ ನಿಮ್ಮದು. ಒಟ್ಟು 400-500 ಬಾತ್ ಆಸುಪಾಸು. ಆ ಚೀಟಿ ಬಿಸಾಡಬೇಡಿ, ಏನಾದರೂ ಮರೆತರೆ ಕಾರು ಹುಡುಕಲು ಅದೇ ಆಧಾರ. ಬಾಗಿಲಲ್ಲೇ ‘ಟ್ಯಾಕ್ಸಿ, ಟ್ಯಾಕ್ಸಿ’ ಅಂತ ಹತ್ತಿರ ಬರುವವರಿಗೆ ತಲೆಯಾಡಿಸಿ ಮುಂದೆ ಹೋಗಿ.

ಹೋಟೆಲ್ ಹೆಸರು ಮತ್ತು ವಿಳಾಸವನ್ನು ಥಾಯ್ ಲಿಪಿಯಲ್ಲಿ ಫೋನಿಗೆ ಇಳಿಸಿಟ್ಟುಕೊಳ್ಳಿ. ನಮ್ಮ ಉಚ್ಚಾರ ಅವರಿಗೆ ತಿಳಿಯುವುದಿಲ್ಲ, ಇಂಗ್ಲಿಷ್ ಅಕ್ಷರ ಎಲ್ಲ ಡ್ರೈವರ್‌ಗಳಿಗೂ ಓದಲು ಬರುವುದಿಲ್ಲ.

ಓಡಾಟ

ಬಿಟಿಎಸ್ ಮತ್ತು ಎಂಆರ್‌ಟಿ ಬೇರೆ ಬೇರೆ ಕಂಪನಿಯವು, ಟಿಕೆಟ್ಟೂ ಬೇರೆ. ಒಂದೇ ಜಾಗದಲ್ಲಿದ್ದರೂ ಸ್ಟೇಷನ್ನಿನ ಹೆಸರು ಕೂಡ ಬೇರೆ ಇರುತ್ತದೆ, ಬಿಟಿಎಸ್‌ನ ಅಸೋಕ್ ಎಂಆರ್‌ಟಿಯಲ್ಲಿ ಸುಖುಂವಿತ್, ಬಿಟಿಎಸ್‌ನ ಸಾಲಾ ಡೇಂಗ್ ಎಂಆರ್‌ಟಿಯಲ್ಲಿ ಸಿಲೋಮ್. ಎಂಆರ್‌ಟಿ ಗೇಟಿನಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಟ್ಯಾಪ್ ಮಾಡಿದರೆ ಸಾಕು. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ಮತ್ತು ಟ್ಯಾಪ್ ಎರಡನ್ನೂ ಆನ್ ಮಾಡಿರಬೇಕು, ಮತ್ತೆ ತಲೆಗೊಂದು ಕಾರ್ಡ್ ಬೇಕು. ಬಿಟಿಎಸ್‌ಗೆ ಕೌಂಟರ್‌ನಲ್ಲಿ ಬಿಡಿ ಟಿಕೆಟ್, ದಿನದ ಪಾಸ್ ಅಥವಾ ದುಡ್ಡು ತುಂಬಿಸಿಕೊಳ್ಳುವ ರ‍್ಯಾಬಿಟ್ ಕಾರ್ಡ್. ಕಾರ್ಡಿಗೆ ಪಾಸ್‌ಪೋರ್ಟ್ ಕೇಳುತ್ತಾರೆ. ಎರಡರಲ್ಲೂ ಟಿಕೆಟ್ 17 ಬಾತ್‌ನಿಂದ ಶುರು. ಒಳಗೆ ಎಸಿ ಕೊರೆಯುತ್ತದೆ, ಅಮ್ಮನಿಗೊಂದು ಶಾಲು ಇರಲಿ.

ಸಂಜೆ ಐದರಿಂದ ಎಂಟರ ತನಕ ರಸ್ತೆ ಮೇಲೆ ಕಾರಿನಲ್ಲಿ ಇರಬೇಡಿ. ಸಿಲ್ಕ್ ಬೋರ್ಡ್ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದ ಹೊತ್ತಿನಲ್ಲಿ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪ್‌ನಲ್ಲಿ ಕಾರು ಸಿಗುತ್ತದೆ. ಬೀದಿ ಟ್ಯಾಕ್ಸಿಯವನು ಮೀಟರ್ ಹಾಕಲ್ಲ ಅಂದರೆ ಇಳಿದು ಇನ್ನೊಂದಕ್ಕೆ ಕೈ ಮಾಡಿ, ಜಗಳ ಬೇಡ. ಟುಕ್‌ಟುಕ್ ನಮ್ಮ ಆಟೋ ತರಹ ಕಂಡರೂ ಮೀಟರ್ ಇಲ್ಲ, ಹೆಚ್ಚಾಗಿ ಟ್ಯಾಕ್ಸಿಗಿಂತ ದುಬಾರಿ. ಫೋಟೋಗೆ ಒಂದು ಸಲ ಕೂತರೆ ಸಾಕು.

ದುಡ್ಡಿನ ಬಗ್ಗೆ ಎರಡು ಮಾತು. ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಅಂದಾಜು ಇಟ್ಟುಕೊಳ್ಳಿ. ಎಟಿಎಂನಲ್ಲಿ ವಿದೇಶಿ ಕಾರ್ಡಿಗೆ ಒಂದು ಸಲಕ್ಕೆ 220 ಬಾತ್ ಅಥವಾ ಅದಕ್ಕೂ ಜಾಸ್ತಿ ಹಿಡಿಯುತ್ತಾರೆ, ಹಾಗಾಗಿ ಚೂರುಪಾರು ತೆಗೆಯಬೇಡಿ. ‘ರೂಪಾಯಿಯಲ್ಲಿ ಲೆಕ್ಕ ಹಾಕಲಾ’ ಅಂತ ಯಂತ್ರ ಕೇಳಿದರೆ ಬೇಡ ಅನ್ನಿ, ಬಾತ್ ಒತ್ತಿ. ಬೀದಿ ಗಾಡಿಗಳಲ್ಲಿ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ, ಅದು ಅವರ ಬ್ಯಾಂಕಿನವರಿಗೆ, ನಿಮಗೆ ನಗದೇ ಗತಿ. 20, 50, 100ರ ನೋಟು ಬೇಕು.

ಊಟ: ಸಸ್ಯಾಹಾರಿಗಳು ಇದನ್ನು ಬಿಡದೆ ಓದಿ

ಥಾಯ್ ಅಡುಗೆಯಲ್ಲಿ ತೊಡಕು ಮಾಂಸದ್ದಲ್ಲ, ಮಾಂಸ ಕಣ್ಣಿಗೆ ಕಾಣುತ್ತದೆ. ತೊಡಕು ನಾಂ ಪ್ಲಾ, ಅಂದರೆ ಮೀನಿನ ಸಾಸ್. ನಾವು ಉಪ್ಪು ಹಾಕುವ ಕಡೆಯೆಲ್ಲ ಅವರು ಅದನ್ನು ಹಾಕುತ್ತಾರೆ. ಬೀದಿಯಲ್ಲಿ ಸೋಂ ತಾಂ, ಅಂದರೆ ಪಪ್ಪಾಯ ಕಾಯಿಯ ಕೋಸಂಬರಿ ಮಾಡುವ ಗಾಡಿ ಮುಂದೆ ನಿಂತು ನೋಡಿ. ಆಕೆ ಮಣ್ಣಿನ ಒರಳಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಎರಡು ಸಲ ಕುಟ್ಟುತ್ತಾಳೆ, ಆಮೇಲೆ ಅಲಸಂದೆ, ಟೊಮೆಟೊ, ತಾಳೆಬೆಲ್ಲ, ನಿಂಬೆ. ಇಷ್ಟರ ಮಧ್ಯೆ ಅವಳ ಎಡಗೈ ತನ್ನಷ್ಟಕ್ಕೇ ಒಣಸೀಗಡಿ ಡಬ್ಬಕ್ಕೆ ಹೋಗಿ ಬಂದಿರುತ್ತದೆ, ಬಲಗೈ ಬಾಟಲಿ ಬಗ್ಗಿಸಿ ಆಗಿರುತ್ತದೆ. ಹತ್ತು ಸೆಕೆಂಡಿನ ಕೆಲಸ. ‘ವೆಜಿಟೇರಿಯನ್’ ಅಂದಿದ್ದಕ್ಕೆ ಹೂಂ ಅಂತ ನಕ್ಕಿರುತ್ತಾಳೆ, ಅವಳ ಲೆಕ್ಕದಲ್ಲಿ ಸೀಗಡಿ ಪುಡಿ ಮಾಂಸವೇ ಅಲ್ಲ.

ಹಾಗಾಗಿ ‘ವೆಜ್’ ಅನ್ನಬೇಡಿ, ‘ಜೇ’ ಅನ್ನಿ. ‘ಕಿನ್ ಜೇ’ ಅಂದರೆ ಜೇ ಊಟ ಮಾಡುವುದು. ಚೀನೀ ಬೌದ್ಧರ ಕಡೆಯಿಂದ ಬಂದ ಪದ್ಧತಿ, ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇಲ್ಲ, ಈರುಳ್ಳಿ-ಬೆಳ್ಳುಳ್ಳಿ ಕೂಡ ಇಲ್ಲ. ಮನೆಯಲ್ಲಿ ಮಡಿ ಇರುವ ಅಜ್ಜಿಗೂ ನಡೆಯುತ್ತದೆ. ಜೇ ಅಂಗಡಿ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ಥಾಯ್ ಓದಲು ಬರದವರ ಕಣ್ಣಿಗೆ ಅದು 17 ಅಂತ ಬರೆದ ಹಾಗೆ ಕಾಣುತ್ತದೆ. ಆ 17 ಒಂದು ಗುರುತಿದ್ದರೆ ಸೆವೆನ್ ಇಲೆವೆನ್‌ನ ಪೊಟ್ಟಣಗಳಲ್ಲೂ ಹುಡುಕಿಕೊಳ್ಳಬಹುದು. ಬೇರೆ ಹೋಟೆಲಿನಲ್ಲಿ ‘ಮೈ ಸೈ ನಾಂ ಪ್ಲಾ’, ಮೀನಿನ ಸಾಸ್ ಹಾಕಬೇಡಿ, ಅಂತ ಹೇಳಿ. ಆಯ್‌ಸ್ಟರ್ ಸಾಸ್ ಕೂಡ ಬೇಡ ಅನ್ನಿ. ಇಷ್ಟನ್ನೂ ಥಾಯ್‌ನಲ್ಲಿ ಅನುವಾದ ಮಾಡಿ ಫೋನಿನಲ್ಲಿ ತೋರಿಸುವುದು ಇನ್ನೂ ಒಳ್ಳೆಯದು.

ವರ್ಷಕ್ಕೊಮ್ಮೆ ಒಂಬತ್ತು ದಿನ ಜೇ ಹಬ್ಬ ಇರುತ್ತದೆ, ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ. ಹೆಚ್ಚಿನ ವರ್ಷ ಅದು ನಮ್ಮ ನವರಾತ್ರಿಯ ಆಸುಪಾಸಿನಲ್ಲೇ ಬೀಳುತ್ತದೆ. ಚೈನಾಟೌನ್ ಯಾವರಾತ್ ರಸ್ತೆ ಪೂರ್ತಿ ಹಳದಿ ಬಾವುಟ, ಮೀನು-ಮಾಂಸ ಮಾರುವ ಗಾಡಿಗಳೂ ಆಗ ಸೋಯಾ, ಅಣಬೆ ಹಿಡಿದು ಕೂತಿರುತ್ತವೆ. ದಸರಾ ರಜೆಯ ಮಳೆಗೆ ಇದೇ ಪರಿಹಾರ. ಸಿಲೋಮ್‌ನ ಮಾರಿಯಮ್ಮನ ಗುಡಿಯಲ್ಲಿ ನವರಾತ್ರಿಯೂ ಜೋರು, ಕೊನೆಗೆ ಮೆರವಣಿಗೆ ಹೊರಡುತ್ತದೆ.

ಉಳಿದ ದಿನಗಳಲ್ಲಿ ಮಾಲ್‌ಗಳ ಫುಡ್ ಕೋರ್ಟ್ ಹಿಡಿಯಿರಿ. ಅಸೋಕ್‌ನ ಟರ್ಮಿನಲ್ 21 ಮಾಲ್‌ನಲ್ಲಿ ಮೇಲಿನ ಅಂತಸ್ತಿನ ಫುಡ್ ಕೋರ್ಟ್ ನಿಜಕ್ಕೂ ಅಗ್ಗ, ಸಸ್ಯಾಹಾರದ ಕೌಂಟರ್ ಬೇರೆಯೇ ಇದೆ. ಕಾರ್ಡಿಗೆ ದುಡ್ಡು ತುಂಬಿಸಿಕೊಂಡು ತಿನ್ನುವುದು, ಮಿಕ್ಕಿದ್ದು ವಾಪಸ್ ಕೊಡುತ್ತಾರೆ. ಬೀದಿಯಲ್ಲಿ ಮಾವಿನಹಣ್ಣು-ಅಂಟು ಅನ್ನ, ತೆಂಗಿನ ಹಾಲಿನ ಐಸ್‌ಕ್ರೀಮ್, ಹೆಚ್ಚಿದ ಹಣ್ಣು, ಎಳನೀರು, ಇವಕ್ಕೆ ಯೋಚನೆಯೇ ಬೇಡ. ಬಾಳೆಹಣ್ಣಿನ ರೋಟಿಗೆ ಮೊಟ್ಟೆ ಒಡೆದು ಹಾಕುತ್ತಾರೆ, ಮೊದಲೇ ಹೇಳಿ. ಅನ್ನ-ಸಾರಿಗೆ ಹಂಬಲಿಸಿದರೆ ಪಹುರತ್ ಇದೆ, ಸಿಖ್ಖರ ಪೇಟೆ, ಬಂಗಾರದ ಗುಮ್ಮಟದ ಗುರುದ್ವಾರದಲ್ಲಿ ಲಂಗರ್ ಊಟವೂ ಸಿಗುತ್ತದೆ. ಸಾರಲ್ಲ, ದಾಲ್. ವಯಸ್ಸಾದವರಿಗೆ ಅಂತ ಚಟ್ನಿಪುಡಿ, ಅವಲಕ್ಕಿ, ದಿಢೀರ್ ಉಪ್ಪಿಟ್ಟಿನ ಪೊಟ್ಟಣ ಒಯ್ಯಿರಿ, ರೂಮಿನಲ್ಲಿ ಬಿಸಿನೀರಿನ ಕೆಟಲ್ ಇದ್ದೇ ಇರುತ್ತದೆ. ಎರಡು ಪಿನ್ನಿನ ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಕೂರುತ್ತದೆ, ನಮ್ಮ ದಪ್ಪ ಮೂರು ಪಿನ್ ಕೂರುವುದಿಲ್ಲ.

ಮಾಂಸಾಹಾರಿಗಳಿಗೆ ಸಲಹೆ ಬೇಕಿಲ್ಲ, ಯಾವರಾತ್‌ಗೆ ರಾತ್ರಿ ಏಳರ ಮೇಲೆ ಹೋಗಿ, ಜನ ಜಾಸ್ತಿ ನಿಂತಿರುವ ಗಾಡಿಯಲ್ಲಿ ತಿನ್ನಿ. ನಲ್ಲಿ ನೀರು ಮಾತ್ರ ಯಾರೂ ಕುಡಿಯಬೇಡಿ.

ನದಿಯ ದಿನ

ಒಂದೇ ದಿನ ಇದೆ ಅಂದರೂ ಇದನ್ನು ಮಾಡಿ. ಬೆಳಗ್ಗೆ ಏಳೂವರೆಗೆ ಬಿಟಿಎಸ್ ಹಿಡಿದು ಸಫಾನ್ ತಾಕ್ಸಿನ್‌ನಲ್ಲಿ ಇಳಿಯಿರಿ. ಕೆಳಗೇ ಸಾಥೋನ್ ದೋಣಿ ಕಟ್ಟೆ. ಅಲ್ಲಿ ಪ್ರವಾಸಿಗರ ದೋಣಿಗೆ, ಖಾಸಗಿ ದೋಣಿಗೆ ಕರೆಯುವವರು ಬಹಳ. ನೀವು ಕೇಳಬೇಕಾದ್ದು ಕಿತ್ತಳೆ ಬಾವುಟದ ದೋಣಿ, ಊರಿನವರು ಕೆಲಸಕ್ಕೆ ಹೋಗುವ ದೋಣಿ ಅದೇ, ಎಲ್ಲಿಗೆ ಹೋದರೂ 16 ಬಾತ್ ಆಸುಪಾಸು. ಸಂಜೆ ಆರರ ಹೊತ್ತಿಗೆ ನಿಂತುಹೋಗುತ್ತದೆ, ನೆನಪಿರಲಿ.

ದೋಣಿ ಕಟ್ಟೆಗೆ ಬರುವಾಗ ಹಿಂಬದಿಯಲ್ಲಿ ಹಗ್ಗ ಹಿಡಿದು ನಿಂತವನು ಸೀಟಿ ಊದುತ್ತಾನೆ. ಡ್ರೈವರ್ ಮುಂದೆ ಇರುತ್ತಾನೆ, ಹಿಂದೆ ಏನಾಗುತ್ತಿದೆ ಅಂತ ಅವನಿಗೆ ಕಾಣುವುದಿಲ್ಲ, ಸೀಟಿಯ ಲಯದಲ್ಲೇ ಹಿಂದೆ-ಮುಂದೆ ಮಾಡಿ ಅಷ್ಟು ಉದ್ದದ ದೋಣಿಯನ್ನು ಕಟ್ಟೆಗೆ ತಾಗಿಸುತ್ತಾನೆ. ನಿಲ್ಲುವುದು ಅರೆ ನಿಮಿಷ. ಮುದುಕರನ್ನು ಮೊದಲೇ ಹಿಂಬದಿ ಬಾಗಿಲ ಹತ್ತಿರ ನಿಲ್ಲಿಸಿಕೊಳ್ಳಿ, ಮಕ್ಕಳ ಕೈ ಬಿಡಬೇಡಿ. ಕಂಡಕ್ಟರ್ ಕೈಯಲ್ಲಿರುವ ತಗಡಿನ ಕೊಳವೆ ಟಕಟಕ ಅಂದರೆ ಚಿಲ್ಲರೆ ತೆಗೆಯಿರಿ.

ತಾ ಚಾಂಗ್ ಕಟ್ಟೆಯಲ್ಲಿ ಇಳಿದರೆ ಗ್ರ್ಯಾಂಡ್ ಪ್ಯಾಲೇಸ್, ಅಂದರೆ ರಾಜರ ಅರಮನೆ. 8.30ಕ್ಕೆ ಬಾಗಿಲು, ಟಿಕೆಟ್ 500 ಬಾತ್, ಮಧ್ಯಾಹ್ನ 3.30ಕ್ಕೆ ಕೌಂಟರ್ ಮುಚ್ಚುತ್ತಾರೆ. ಚಡ್ಡಿ, ತೋಳಿಲ್ಲದ ಅಂಗಿ, ಹರಿದ ಜೀನ್ಸ್ ಇದ್ದರೆ ಒಳಗೆ ಬಿಡುವುದಿಲ್ಲ. ಸೀರೆ, ಚೂಡಿದಾರ್‌ಗೆ ತಕರಾರಿಲ್ಲ.

ಗೇಟಿಗೆ ಹೋಗುವ ದಾರಿಯಲ್ಲಿ ನೀಟಾಗಿ ಬಟ್ಟೆ ಹಾಕಿಕೊಂಡ ಒಬ್ಬ ಮನುಷ್ಯ ಒಳ್ಳೆಯ ಇಂಗ್ಲಿಷಿನಲ್ಲಿ ಮಾತಾಡಿಸಬಹುದು. ‘ಇಂಡಿಯಾದವರಾ? ಇವತ್ತು ಅರಮನೆ ಮುಚ್ಚಿದೆ, ಪೂಜೆ ಇದೆ, ಮಧ್ಯಾಹ್ನದ ಮೇಲೆ ತೆಗೆಯುತ್ತಾರೆ, ಅಷ್ಟರಲ್ಲಿ ಈ ಟುಕ್‌ಟುಕ್‌ನಲ್ಲಿ 20 ಬಾತ್‌ಗೆ ಮೂರು ದೇವಸ್ಥಾನ ನೋಡಿ ಬನ್ನಿ’ ಅನ್ನುತ್ತಾನೆ. ದೇವಸ್ಥಾನ ತೋರಿಸುವುದೂ ನಿಜ. ಆಮೇಲೆ ಹರಳಿನ ಅಂಗಡಿ, ದರ್ಜಿ ಅಂಗಡಿ. ಟೋಪಿ ಬೀಳುವುದು ಅಲ್ಲಿ. ಎಷ್ಟೋ ವರ್ಷದಿಂದ ನಡೆಯುತ್ತಿರುವ ಆಟ ಇದು, ಇವತ್ತಿಗೂ ಜನ ಬೀಳುತ್ತಾರೆ. ಗೇಟಿನ ತನಕ ನಡೆದು ನಿಮ್ಮ ಕಣ್ಣಿಂದಲೇ ನೋಡಿ. ಪಾರಿವಾಳಕ್ಕೆ ಹಾಕಿ ಅಂತ ಕೈಗೆ ಜೋಳ ತುರುಕುವವರಿಂದಲೂ ಕೈ ಹಿಂದೆಳೆದುಕೊಳ್ಳಿ, ಆಮೇಲೆ ದುಡ್ಡು ಕೇಳುತ್ತಾರೆ.

ಒಳಗೆ ಎಲ್ಲರೂ ಪಚ್ಚೆ ಬುದ್ಧನ ಕಡೆ ನುಗ್ಗುತ್ತಾರೆ. ನೋಡಿ, ಖಂಡಿತ ನೋಡಿ, ಗರ್ಭಗುಡಿಯಲ್ಲಿ ಫೋಟೋ ತೆಗೆಯುವ ಹಾಗಿಲ್ಲ. ಆದರೆ ನಮ್ಮವರಿಗೆ ಅಲ್ಲಿನ ನಿಜವಾದ ನಿಧಿ ಸುತ್ತುಗೋಡೆಯ ಒಳಬದಿಯಲ್ಲಿದೆ. ರಾಮಕಿಯೆನ್, ಅವರ ರಾಮಾಯಣ, ಒಟ್ಟು 178 ಚಿತ್ರಗಳಲ್ಲಿ. ನೆರಳೂ ಇದೆ, ನೂಕುನುಗ್ಗಲೂ ಕಡಿಮೆ. ಯಕ್ಷಗಾನದಲ್ಲಿ ಮೈರಾವಣನ ಕಥೆ ನೋಡಿದವರಿಗೆ ಒಂದು ಚಿತ್ರ ತಕ್ಷಣ ಗುರುತು ಸಿಗುತ್ತದೆ. ನಮ್ಮಲ್ಲಿ ಹನುಮಂತ ಬಾಲದ ಕೋಟೆ ಕಟ್ಟಿ ರಾಮನನ್ನು ಕಾಯುತ್ತಾನಲ್ಲ, ಅಲ್ಲಿ ಬೆಟ್ಟದಷ್ಟು ಬೆಳೆದು ರಾಮನ ಬಿಡಾರವನ್ನೇ ಬಾಯೊಳಗೆ ಇಟ್ಟುಕೊಂಡು ಕೂತಿದ್ದಾನೆ. ಅವರ ಹನುಮಂತ ಬ್ರಹ್ಮಚಾರಿ ಅಲ್ಲ, ಒಬ್ಬರಲ್ಲ ಹಲವರ ಜೊತೆ ಸರಸ ಉಂಟು. ಅಜ್ಜಿಗೆ ಇದನ್ನು ಹೇಳಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ಹನ್ನೊಂದರ ಹೊತ್ತಿಗೆ ಹೊರಗೆ ಬನ್ನಿ. ವಾಟ್ ಪೋ ಗುಡಿ ಹತ್ತು-ಹದಿನೈದು ನಿಮಿಷದ ನಡಿಗೆ, ಟಿಕೆಟ್ 300 ಬಾತ್. ಮಲಗಿದ ಬುದ್ಧ 46 ಮೀಟರ್ ಉದ್ದ, ಪಾದದ ಮೇಲೆ ಮುತ್ತಿನ ಚಿಪ್ಪಿನಲ್ಲಿ ಕೂರಿಸಿದ 108 ಚೌಕ ಚಿತ್ರ, ಬೆನ್ನ ಹಿಂದೆ 108 ಕಂಚಿನ ಬಟ್ಟಲು. 20 ಬಾತ್ ಕೊಟ್ಟರೆ ಚಿಲ್ಲರೆ ಕೊಡುತ್ತಾರೆ, ಒಂದೊಂದೇ ಹಾಕುತ್ತಾ ಹೋಗುವುದು ಮಕ್ಕಳಿಗೆ ಖುಷಿ. ಥಾಯ್ ಮಸಾಜಿನ ಹಳೆಯ ಶಾಲೆ ಈ ಗುಡಿಯ ಆವರಣದಲ್ಲೇ ಇದೆ, ನಡೆದು ಕಾಲು ನೋಯುವ ಹೊತ್ತಿಗೆ ಸರಿಯಾಗಿ ಸಿಗುತ್ತದೆ.

ಆಮೇಲೆ ಬಿಸಿಲಲ್ಲಿ ಮುಂದುವರಿಯಬೇಡಿ. ಅರಮನೆ ಟಿಕೆಟ್ಟಿನಲ್ಲೇ ಖೋನ್ ಮುಖವಾಡದ ಕುಣಿತದ ಪ್ರದರ್ಶನವೂ ಸೇರಿರುತ್ತದೆ, ವಾರದ ದಿನಗಳಲ್ಲಿ, ಸಾಲಾ ಚಲೆಂಕ್ರುಂಗ್ ರಂಗಮಂದಿರದಲ್ಲಿ. ಟಿಕೆಟ್ ತೆಗೆಯುವಾಗಲೇ ಅವತ್ತಿನ ಸಮಯ ಕೇಳಿಕೊಳ್ಳಿ. ಎಸಿ ಮಂದಿರ, ಚಿಕ್ಕ ಪ್ರದರ್ಶನ, ಬೆಳಗ್ಗೆ ಗೋಡೆ ಮೇಲೆ ನೋಡಿದ ರಾಮಕಿಯೆನ್ ಇಲ್ಲಿ ಎದ್ದು ಕುಣಿಯುತ್ತದೆ. ಇದನ್ನು ಬಿಟ್ಟು ಬರುವವರೇ ಜಾಸ್ತಿ.

ನಾಲ್ಕರ ಮೇಲೆ ತಾ ತಿಯನ್ ಕಟ್ಟೆಗೆ ಬನ್ನಿ, ಐದು ಬಾತ್ ಕೊಟ್ಟರೆ ದೋಣಿ ಎದುರು ದಡಕ್ಕೆ ಬಿಡುತ್ತದೆ, ಅಲ್ಲೇ ವಾಟ್ ಅರುಣ್ ಗುಡಿ. ಮೆಟ್ಟಿಲು ಕಡಿದು, ಮಂಡಿ ನೋವಿನವರು ಕೆಳಗೇ ಕೂರಲಿ. ವಾಪಸ್ ಎಂಆರ್‌ಟಿಯ ಸನಾಮ್ ಚಾಯ್ ಸ್ಟೇಷನ್ನಿನಿಂದ, ಅದು ವಾಟ್ ಪೋ ಬದಿಗೇ ಇದೆ.

ಉಳಿದ ದಿನಗಳು

ಶನಿವಾರ-ಭಾನುವಾರ ಸೇರುವ ಹಾಗೆ ಹೋದರೆ ಚಾತುಚಕ್ ಸಂತೆ. ಸಾವಿರಾರು ಮಳಿಗೆ, ಬೆಳಗ್ಗೆ ಒಂಬತ್ತೂವರೆಗೇ ಹೋಗಿ, ಹನ್ನೆರಡರ ಒಳಗೆ ಹೊರಬನ್ನಿ. ಕಳೆದುಹೋದರೆ ಗಡಿಯಾರ ಗೋಪುರದ ಕೆಳಗೆ ಸೇರೋಣ ಅಂತ ಮೊದಲೇ ಮಾತಾಡಿಕೊಳ್ಳಿ. ಇಷ್ಟವಾದದ್ದನ್ನು ಅಲ್ಲೇ ಕೊಂಡುಬಿಡಿ, ಆಮೇಲೆ ಬರೋಣ ಅಂದರೆ ಆ ಅಂಗಡಿ ಮತ್ತೆ ಸಿಗುವುದಿಲ್ಲ. ನಗುತ್ತಾ ಚೌಕಾಸಿ ಮಾಡಿ, ದನಿ ಏರಿಸಿದರೆ ವ್ಯಾಪಾರ ಮುಗಿಯಿತು. ಪ್ರತುನಾಮ್‌ನ ಬಟ್ಟೆ ಅಂಗಡಿಗಳಲ್ಲಿ ಮೂರು ಪೀಸ್ ಕೊಂಡರೆ ಹೋಲ್‌ಸೇಲ್ ರೇಟು ಸಾಮಾನ್ಯ.

ಚಿತ್ ಲೋಮ್ ಸ್ಟೇಷನ್ ಪಕ್ಕದ ಎರವಾನ್ ಗುಡಿ ಹತ್ತೇ ನಿಮಿಷದ ಕೆಲಸ, ಬಿಡಬೇಡಿ. 1956ರಲ್ಲಿ ಕೂರಿಸಿದ ಚತುರ್ಮುಖ ಬ್ರಹ್ಮ. ನಮ್ಮಲ್ಲಿ ಬ್ರಹ್ಮನಿಗೆ ಗುಡಿಯೇ ಅಪರೂಪ, ಇಲ್ಲಿ ಮಾಲ್‌ಗಳ ನಡುವಿನ ಸರ್ಕಲ್‌ನಲ್ಲಿ, ಎರಡು ದೊಡ್ಡ ರಸ್ತೆ ಸೇರುವ ಕಡೆ, ಹರಕೆ ತೀರಿಸುವವರು ನೃತ್ಯದವರಿಗೆ ದುಡ್ಡು ಕೊಟ್ಟು ಕುಣಿಸುತ್ತಾರೆ.

ಹಳೆಯ ರಾಜಧಾನಿ ಅಯುತ್ಥಾಯಕ್ಕೆ ಒಂದು ದಿನ ಕೊಡಿ ಅನ್ನುತ್ತೇನೆ. ಸುಮಾರು 80 ಕಿಲೋಮೀಟರ್, ರೈಲಿನಲ್ಲಿ ಮೂರನೇ ದರ್ಜೆಗೆ 20 ಬಾತ್ ಆಸುಪಾಸು, ಫ್ಯಾನು, ತೆರೆದ ಕಿಟಕಿ. ಹಂಪಿ ನೋಡಿದವರಿಗೆ ಇಟ್ಟಿಗೆಯ ಈ ಹಾಳೂರು ಬೇರೆ ರುಚಿ ಕೊಡುತ್ತದೆ. ಪಟ್ಟಾಯಕ್ಕೆ ಎರಡು ದಿನ ಕೊಡುವುದಕ್ಕಿಂತ ಇದು ಮೇಲು. ತೇಲುವ ಮಾರುಕಟ್ಟೆ ಡಾಮ್ನೋನ್ ಸದುವಾಕ್ ಫೋಟೋದಲ್ಲಿ ಚೆಂದ, ಹೋದರೆ ಪ್ರವಾಸಿಗರೇ ಪ್ರವಾಸಿಗರನ್ನು ನೋಡುವುದು.

ಗೊತ್ತಿರಬೇಕಾದ ಕಟ್ಟಳೆಗಳು

ರಾಜಮನೆತನದ ಬಗ್ಗೆ ತಮಾಷೆಗೂ ಹಗುರ ಮಾತು ಬೇಡ, ಫೇಸ್‌ಬುಕ್‌ನಲ್ಲೂ ಬೇಡ. ಅಲ್ಲಿನ ದಂಡಸಂಹಿತೆಯ 112ನೇ ಕಲಮಿನಲ್ಲಿ ಒಂದೊಂದು ಮಾತಿಗೂ 3ರಿಂದ 15 ವರ್ಷ ಜೈಲು. ರಾಜನ ಚಿತ್ರವಿರುವ ನೋಟು ಗಾಳಿಗೆ ಹಾರಿದರೆ ಕಾಲಲ್ಲಿ ತುಳಿದು ಹಿಡಿಯಬೇಡಿ. ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ಸ್ಟೇಷನ್, ಪಾರ್ಕ್‌ಗಳಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ, ಓಡುತ್ತಿದ್ದವರೂ ನಿಲ್ಲುತ್ತಾರೆ, ನೀವೂ ನಿಲ್ಲಿ. ಬುದ್ಧನ ಕಡೆ ಕಾಲು ಚಾಚಬೇಡಿ. ಹೆಂಗಸರು ಭಿಕ್ಷುಗಳನ್ನು ಮುಟ್ಟುವ ಹಾಗಿಲ್ಲ, ರೈಲಿನಲ್ಲಿ ಪಕ್ಕ ಕೂರುವುದೂ ಬೇಡ. ಇ-ಸಿಗರೇಟ್ ಅಲ್ಲಿ ಕಾನೂನುಬಾಹಿರ, ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗುವುದೂ ತಪ್ಪು. ಏನಾದರೂ ಎಡವಟ್ಟಾದರೆ ಪ್ರವಾಸಿ ಪೊಲೀಸರ ನಂಬರ್ 1155, ಇಂಗ್ಲಿಷ್ ಮಾತಾಡುತ್ತಾರೆ. ಖಾಸಗಿ ಆಸ್ಪತ್ರೆ ಚೆನ್ನಾಗಿವೆ, ಬಿಲ್ಲೂ ಹಾಗೇ ಇರುತ್ತದೆ, ವಯಸ್ಸಾದವರಿಗೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸದೆ ಹೊರಡಬೇಡಿ.

ವಾಪಸ್ ಬರುವಾಗ

ದೊಡ್ಡ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್ ದಾಟಿದರೆ 7% ವ್ಯಾಟ್‌ನಲ್ಲಿ ಸ್ವಲ್ಪ ಭಾಗ ವಾಪಸ್ ಸಿಗುತ್ತದೆ. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ಫಾರ್ಮ್ ಕೇಳಿ. ಏರ್‌ಪೋರ್ಟಿನಲ್ಲಿ ದೊಡ್ಡ ಮೊತ್ತದ ಖರೀದಿಯಾದರೆ ಲಗೇಜ್ ಕೊಡುವ ಮುಂಚೆ ಕಸ್ಟಮ್ಸ್ ಮುದ್ರೆ ಹಾಕಿಸಬೇಕು, ದುಡ್ಡು ಇಸಿದುಕೊಳ್ಳುವುದು ಇಮಿಗ್ರೇಶನ್ ದಾಟಿದ ಮೇಲೆ. ಅಲ್ಲೇ ಒಳಗೆ ಸಮುದ್ರ ಮಥನದ ದೊಡ್ಡ ಶಿಲ್ಪ ಇದೆ, ದೇವತೆಗಳು ಒಂದು ಕಡೆ, ಅಸುರರು ಒಂದು ಕಡೆ. ಫೋಟೋಗೆ ನೂಕುನುಗ್ಗಲು ಇರುತ್ತದೆ, ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ. ಬುದ್ಧನ ವಿಗ್ರಹ ಕೊಂಡಿದ್ದರೆ ಹೊರಗೆ ತರಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು, ಕೊರಳಿಗೆ ಹಾಕುವ ಸಣ್ಣ ತಾಯಿತಕ್ಕೆ ಬೇಡ.

ಕೊನೆಯದು, ಮತ್ತು ಇದನ್ನು ಹುಡುಗರಿಗೆ ಮುಖ್ಯವಾಗಿ ಹೇಳಿ. ಬ್ಯಾಂಕಾಕ್‌ನಿಂದ ಬಂದವರ ಬ್ಯಾಗುಗಳಲ್ಲಿ ಹೈಡ್ರೋ ಗಾಂಜಾ ಸಿಕ್ಕಿ ಕೆಂಪೇಗೌಡ ನಿಲ್ದಾಣದಲ್ಲಿ ಬಂಧನವಾದ ಸುದ್ದಿ ಮೇಲಿಂದ ಮೇಲೆ ಬರುತ್ತಲೇ ಇದೆ. ಗಾಂಜಾ ಅಂಗಡಿಗಳು ಅಲ್ಲಿ ಬೀದಿಯಲ್ಲೇ ಕಾಣುತ್ತವೆ, 2025ರಿಂದ ಅದಕ್ಕೂ ವೈದ್ಯರ ಚೀಟಿ ಬೇಕು ಅಂತ ಮಾಡಿದ್ದಾರೆ, ಭಾರತಕ್ಕೆ ತರುವುದಂತೂ ನೇರ ಜೈಲಿನ ದಾರಿ. ‘ನನ್ನ ಲಗೇಜ್ ಜಾಸ್ತಿಯಾಗಿದೆ, ಈ ಚಾಕೊಲೇಟ್ ಪೊಟ್ಟಣ ಬೆಂಗಳೂರಿನ ತನಕ ಇಟ್ಟುಕೊಳ್ಳಿ’ ಅಂತ ಕ್ಯೂನಲ್ಲಿ ಯಾರಾದರೂ ಕನ್ನಡದಲ್ಲೇ ಕೇಳಿದರೂ, ಎಷ್ಟು ಪರಿಚಯದ ಮುಖವಾದರೂ, ಆಗಲ್ಲ ಅನ್ನಿ. ಬೆಂಗಳೂರಿನ ವಿಮಾನ ರಾತ್ರಿಯದ್ದಾದರೆ ಸಂಜೆ ಐದರ ಒಳಗೆ ಹೋಟೆಲ್ ಬಿಡಿ, ತಡವಾಯಿತು ಅಂದರೆ ಟ್ಯಾಕ್ಸಿ ಮರೆತು ರೈಲು ಹಿಡಿಯಿರಿ.